ವಕೀಲರನ್ನು ಕೇಳಿ: ಇಂಗ್ಲಿಷ್ ಕಾಗದಕ್ಕೆ ಹಾಕಿದ ಸಹಿ (ಕೊಡಗಿನ ಗುಂಪೊಂದರ ಮಾತುಕತೆ)

ಸಿದ್ದಾಪುರದ ಸದಸ್ಯ: ನ್ಯಾಯಾಲಯದಿಂದ ಸಮನ್ಸ್ ಬಂದಿದೆ, ಜೊತೆಗಿರುವ ದಾವೆಯೆಲ್ಲ ಇಂಗ್ಲಿಷಿನಲ್ಲಿದೆ. ಬಾರದ ಭಾಷೆಯ ಕಾಗದವನ್ನು ಹಿಂದಿರುಗಿಸಿದರೆ ಕೇಸು ಬಿದ್ದುಹೋಗುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶ ನಿಜವೇ?

ವಕೀಲರು: ಸುಳ್ಳು. ಬೇಡವೆಂದು ಹಿಂದಿರುಗಿಸಿದರೂ ಸಮನ್ಸ್ ಜಾರಿಯಾಯಿತೆಂದೇ ಲೆಕ್ಕ. ನೀವು ಕಾಫಿ ಕೊಯ್ಲಿನಲ್ಲಿರುವಾಗ ಅಲ್ಲಿ ಏಕಪಕ್ಷೀಯ ತೀರ್ಪು ಬಂದಿರುತ್ತದೆ. ಲಿಖಿತ ಉತ್ತರಕ್ಕೆ 30 ದಿನವಿದೆ, ವಕೀಲರನ್ನು ಹಿಡಿಯಿರಿ.

ವಿರಾಜಪೇಟೆ ಕಡೆಯ ಸದಸ್ಯೆ: ನನ್ನ ಅತ್ತೆಗೆ ಕೊಡವ ತಕ್ಕ್ (ಕೊಡವರ ಭಾಷೆ) ಬಿಟ್ಟರೆ ಅಲ್ಪಸ್ವಲ್ಪ ಕನ್ನಡ. ಬ್ಯಾಂಕ್ ಸಾಲಕ್ಕೆ ಜಾಮೀನು ಎಂದು ಹೇಳಿ ಸಂಬಂಧಿಕರೊಬ್ಬರು ಇಂಗ್ಲಿಷ್ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಅದು ತೋಟದ ಹಕ್ಕು ಬಿಡುಗಡೆ ಪತ್ರವಂತೆ. ಇಂಗ್ಲಿಷ್ ಬರುವುದಿಲ್ಲ ಎಂದರೆ ಸಾಕಲ್ಲವೇ?

ವಕೀಲರು: ಸಾಲದು. ಸಹಿ ಹಾಕಿದವರು ತಿಳಿದೇ ಹಾಕಿದ್ದಾರೆ ಎಂದು ನ್ಯಾಯಾಲಯ ಮೊದಲಿಗೆ ಭಾವಿಸುತ್ತದೆ. ಆದರೆ ನಿಮ್ಮ ಸಂಗತಿ ಬರೀ ಭಾಷೆಯದಲ್ಲ. ಪತ್ರ ಯಾವ ಬಗೆಯದು ಎಂಬುದರಲ್ಲೇ ಮೋಸವಾಗಿದ್ದರೆ ಅದು ಮೊದಲಿನಿಂದಲೇ ಶೂನ್ಯ. ಒಳಗಿನ ವಿವರದಲ್ಲಷ್ಟೇ ಮೋಸವಾಗಿದ್ದರೆ ದಾವೆ ಹೂಡಿ ರದ್ದುಪಡಿಸಿಕೊಳ್ಳಬೇಕು. ಸುಪ್ರೀಂ ಕೋರ್ಟ್ ಈ ಗೆರೆ ಎಳೆದದ್ದು 1968ರಲ್ಲಿ, ನಮ್ಮದೇ ರಾಜ್ಯದ ನಿಂಗವ್ವ ಎಂಬವರ ಪ್ರಕರಣದಲ್ಲಿ. ಜಾಮೀನು ಎಂದು ಬಿಡುಗಡೆಗೆ ಸಹಿ ಹಾಕಿಸಿಕೊಂಡದ್ದು ಮೊದಲನೆಯ ಬಗೆ, ರುಜುವಾತಾದರೆ. ಪತ್ರದ ಕೊನೆಯಲ್ಲಿ ‘ಓದಿ ಹೇಳಿ ಅರ್ಥಮಾಡಿಸಲಾಗಿದೆ’ ಎಂಬ ಸಾಲಿದೆಯೇ? ಇದ್ದರೆ ಓದಿದವರು ಯಾರು, ಯಾವ ಭಾಷೆಯಲ್ಲಿ? ಸಾಕ್ಷಿಗಳಿಗೆ ಕೊಡವ ತಕ್ಕ್ ಬರುತ್ತದೆಯೇ? ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ಮತ್ತು ಋಣಭಾರ ಪತ್ರ ತೆಗೆಸಿ. ಮುಖ್ಯ ಪ್ರಶ್ನೆ: ಮೋಸ ಗೊತ್ತಾದದ್ದು ಎಂದು? ಪತ್ರ ರದ್ದುಪಡಿಸುವ ದಾವೆಗೆ, ಗೊತ್ತಾದ ದಿನದಿಂದ ಮೂರು ವರ್ಷ ಮಾತ್ರ.

ಮಡಿಕೇರಿಯ ಸದಸ್ಯ: ಇದಕ್ಕೆಲ್ಲ ಮೂಲ ಹೈಕೋರ್ಟಿನ ಇಂಗ್ಲಿಷ್. ಸಂವಿಧಾನದ 348ನೇ ವಿಧಿಯಲ್ಲೇ ದಾರಿಯಿದೆ: ರಾಷ್ಟ್ರಪತಿಯವರ ಒಪ್ಪಿಗೆ ಪಡೆದು ರಾಜ್ಯಪಾಲರು ಕಲಾಪಕ್ಕೆ ರಾಜ್ಯದ ಭಾಷೆ ತರಬಹುದು. ರಾಜಸ್ಥಾನ 1950ರಲ್ಲೇ ಹಿಂದಿ ಪಡೆಯಿತು.

ಪೊನ್ನಂಪೇಟೆಯ ಸದಸ್ಯ: ಹಾಡಿಯಲ್ಲಿರುವ ಎರವ ಬುಡಕಟ್ಟಿನವನಿಗೆ ನಿಮ್ಮ ಕಚೇರಿ ಕನ್ನಡವೂ ಇಂಗ್ಲಿಷೇ. ಅವನ ಮಾತಿಗೆ ದುಭಾಷಿ ಎಲ್ಲಿ?

ಮಡಿಕೇರಿಯ ಸದಸ್ಯ: ಹಾಗಾದರೆ ಲಂಡನ್ನಿಗೆ ಹೋಗಿ. 1834ರಲ್ಲಿ ಗದ್ದುಗೆ ಕಳೆದುಕೊಂಡ ಕೊಡಗಿನ ಅರಸ ಚಿಕ್ಕವೀರರಾಜೇಂದ್ರ 1852ರಲ್ಲಿ ಹೋಗಿದ್ದ, ಅಲ್ಲಿಯ ನ್ಯಾಯಾಲಯದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಹಣಕ್ಕಾಗಿ ದಾವೆ ಹೂಡಿದ.

ಪೊನ್ನಂಪೇಟೆಯ ಸದಸ್ಯ: ಹಣ ಬಂತೇ? 1859ರಲ್ಲಿ ಅಲ್ಲಿಯೇ ತೀರಿಕೊಂಡ. ಅರ್ಧ ಕಥೆ ಹೇಳಬೇಡಿ.

ಕುಶಾಲನಗರದ ಸದಸ್ಯ: ಜಮ್ಮಾ ಬಾಣೆಯ (ಕೊಡಗಿನ ವಂಶಪಾರಂಪರ್ಯ ಹಿಡುವಳಿಗೆ ಸೇರಿದ ಕಾಡುಜಮೀನಿನ) ಹಳೆಯ ಇಂಗ್ಲಿಷ್ ದಾಖಲೆಯನ್ನು ಪಹಣಿಗೆ ಹೊಂದಿಸುವುದು ಹೇಗೆ?

ಸೋಮವಾರಪೇಟೆಯ ಸದಸ್ಯ: ಎದುರಾಳಿಯ ರಾಜಿ ಪತ್ರವನ್ನು ಮೊಬೈಲಿನಲ್ಲಿ ಅನುವಾದಿಸಿದೆ. ‘ಪೂರ್ವಗ್ರಹವಿಲ್ಲದೆ’ ಬರೆದಿದ್ದಾರಂತೆ. ಮನಸ್ಸು ತಿಳಿಯಾಗಿದೆ ಎಂದಲ್ಲವೇ?

ವಕೀಲರು: ಅಲ್ಲ. ‘ವಿದೌಟ್ ಪ್ರೆಜುಡೀಸ್’ ಎಂದರೆ ರಾಜಿ ಮುರಿದರೂ ತನ್ನ ಹಕ್ಕಿಗೆ ಬಾಧೆಯಿಲ್ಲದಂತೆ ಎಂದರ್ಥ. ಅದೇ ಯಂತ್ರ ‘ಕನ್ಸಿಡರೇಶನ್’ ಅನ್ನು ಪರಿಗಣನೆ ಎನ್ನುತ್ತದೆ. ಕ್ರಯಪತ್ರದಲ್ಲಿ ಅದು ಪ್ರತಿಫಲ, ಅಂದರೆ ದುಡ್ಡು. ಮೊಬೈಲ್ ನಂಬಿ ಸಹಿ ಹಾಕುವವರು ನನ್ನ ಬಳಿ ಅಳುತ್ತಾ ಬರಬೇಡಿ.

ಮಡಿಕೇರಿಯ ಸದಸ್ಯ: ವಕೀಲರೇ, 348ರ ಬಗ್ಗೆ ನಿಮ್ಮ ನಿಲುವೇನು?

ವಕೀಲರು: ಆ ಜಗಳ ನೀವಿಬ್ಬರೇ ಮುಗಿಸಿಕೊಳ್ಳಿ.

ವಿರಾಜಪೇಟೆ ಕಡೆಯ ಸದಸ್ಯೆ: ಮೋಸ ಗೊತ್ತಾದದ್ದು ನಮ್ಮ ಸುಗ್ಗಿ ಹಬ್ಬ ಹುತ್ತರಿಯ ದಿನ, ಕದಿರು ತೆಗೆಯಲು ಎಲ್ಲರೂ ಸೇರಿದ್ದಾಗ. ಆಮೇಲೆ ಎರಡು ಹುತ್ತರಿ ಕಳೆದವು. ಓದಿ ಹೇಳಿದವರು ಯಾರೂ ಇರಲಿಲ್ಲ ಎನ್ನುತ್ತಾರೆ ಅತ್ತೆ.

ವಕೀಲರು: ಹಾಗಾದರೆ ಮೂರನೆಯ ಹುತ್ತರಿಯ ತನಕ ಕಾಯಬೇಡಿ. ನಾಳೆ ಬೆಳಿಗ್ಗೆ ಅತ್ತೆಯವರನ್ನು ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದೊಯ್ಯಿರಿ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ದೂರವಾಣಿ 15100. ಆ ಸಂಬಂಧಿಕರೂ ಈ ಗುಂಪಿನಲ್ಲಿರಬಹುದು, ಇಲ್ಲಿ ಇನ್ನೇನೂ ಬರೆಯಬೇಡಿ.

ನಾಪೋಕ್ಲಿನ ಸದಸ್ಯ: ಸರ್, ಇಂಗ್ಲಿಷ್ ಸಮನ್ಸನ್ನು ವಾಪಸ್ ಕಳುಹಿಸಬಹುದಂತೆ, ಹೌದೇ?

ವಕೀಲರು: ಮೇಲೆ ಓದಿ.