ಫಾರ್ಮ್ಯಾಟ್ ಮಾಡದೆ ವಿಂಡೋಸ್ 11ಕ್ಕೆ ಹೋಗಬಹುದಾ? ಮಾಡಿದವರು ಹೇಳಿ

ಕೇಳಿದವರು, ಮಂಡ್ಯ:
ಅಪ್ಪ ನಿವೃತ್ತ ಮೇಷ್ಟ್ರು. ಅವರ ಲ್ಯಾಪ್‌ಟಾಪ್ ಇನ್ನೂ ವಿಂಡೋಸ್ 10ರಲ್ಲಿದೆ. ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಬರಹ, ತಂಗಿ ಮದುವೆ ಫೋಟೋ ಎಲ್ಲ ಅದರಲ್ಲೇ. ಅಂಗಡಿಯವರು ಫಾರ್ಮ್ಯಾಟ್ ಮಾಡಲೇಬೇಕು ಅನ್ನುತ್ತಾರೆ. ನಿಜವಾ?

ಮೈಸೂರು, ಕುವೆಂಪುನಗರದಿಂದ:
ಬೇಕಾಗಿಲ್ಲ ಮೇಡಂ. ನಮ್ಮ ಮನೆಯ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಇಲ್ಲದೆ ನಾನೇ ಅಪ್‌ಗ್ರೇಡ್ ಮಾಡಿದ್ದೇನೆ. ಒಂದು ಫೈಲೂ ಹೋಗಲಿಲ್ಲ.

ಮೊದಲು ಪಿಸಿ ಹೆಲ್ತ್ ಚೆಕ್ ಅನ್ನೋ ಮೈಕ್ರೋಸಾಫ್ಟ್ ಆ್ಯಪ್ ಹಾಕಿ ನೋಡಿ. ಟಿಪಿಎಂ 2.0 (ಕಂಪ್ಯೂಟರಿನ ಭದ್ರತಾ ಚಿಪ್), 4 ಜಿಬಿ ರ್‍ಯಾಮ್, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಇರಬೇಕು. ಆಗುತ್ತೆ ಅಂತ ಬಂದರೆ ವಿಂಡೋಸ್ 11ರ ಸೆಟಪ್ಪನ್ನು ಈಗಿರುವ ವಿಂಡೋಸ್ ಒಳಗಿಂದಲೇ ಓಡಿಸಿ. ಇದು ಮುಖ್ಯ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಹೊಸದಾಗಿ ಇನ್‌ಸ್ಟಾಲ್ ಆಗುತ್ತದೆ, ಫೈಲು ಉಳಿಸುವ ಆಯ್ಕೆಯೇ ಸಿಗುವುದಿಲ್ಲ. ಒಳಗಿಂದ ಓಡಿಸಿದರೆ ಇನ್‌ಸ್ಟಾಲ್ ಬಟನ್ ಒತ್ತುವ ಮೊದಲು 'ಕೀಪ್ ಪರ್ಸನಲ್ ಫೈಲ್ಸ್ ಆ್ಯಂಡ್ ಆ್ಯಪ್ಸ್' ಅಂತ ತೋರಿಸುತ್ತೆ. ಆ ಸಾಲು ಕಣ್ಣಿಗೆ ಬೀಳದಿದ್ದರೆ ಮುಂದೆ ಹೋಗಬೇಡಿ. ಅಂಗಡಿಯಲ್ಲಿ ಮಾಡಿಸಿದರೂ ಅಷ್ಟೇ, ಎದುರಿಗೇ ಕೂತು ನೋಡಿ.

ಇಷ್ಟಾದರೂ ಬ್ಯಾಕಪ್ ಬೇಕೇ ಬೇಕು. ಎಷ್ಟೋ ಜನ ಡಿ ಡ್ರೈವ್‌ಗೆ ಹಾಕಿ ನಿಶ್ಚಿಂತೆಯಾಗಿ ಇರುತ್ತಾರೆ. ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕ್ ಅಲ್ವಾ? ಡಿಸ್ಕ್ ಕೆಟ್ಟರೆ ಎರಡೂ ಹೋದವು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಡೆಸ್ಕ್‌ಟಾಪ್ ಮೇಲಿನ ಫೈಲುಗಳೂ ಸೇರಿರಲಿ, ಹಿರಿಯರು ಎಲ್ಲವನ್ನೂ ಅಲ್ಲೇ ಇಟ್ಟಿರುತ್ತಾರೆ. ಆಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕಾರು ಫೋಟೋ, ಬರಹ ತೆಗೆದು ನೋಡಿ. ಸುಮ್ನೆ ಫೋಲ್ಡರ್ ಕಂಡರೆ ಸಾಲದು.

ಮೈಸೂರು, ಸರಸ್ವತಿಪುರಂನಿಂದ:
ನುಡಿ ಬಗ್ಗೆ ಒಂದು ಮಾತು. ಹಳೇ ನುಡಿ ಫೈಲುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದಿದ್ದರೆ ಅವಕ್ಕೆ ನುಡಿ ಫಾಂಟೇ ಬೇಕು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೀಟು, ಚುಕ್ಕೆ ಇಟ್ಟ ಹಾಗೆ ಕಾಣುತ್ತದೆ. ನಮ್ಮ ಮಾವ ಅದನ್ನು ನೋಡಿ ಫೈಲೇ ಕೆಟ್ಟಿತು ಅಂತ ಅಳಿಸಲು ಹೊರಟಿದ್ದರು. ಪುಣ್ಯಕ್ಕೆ ನಾನು ಪಕ್ಕದಲ್ಲೇ ಇದ್ದೆ. ನುಡಿ ಹಾಕಿದ ಮೇಲೆ ಎಲ್ಲ ಅಕ್ಷರವೂ ಸರಿಯಾಗಿ ಬಂತು. ಹಾಗಾಗಿ ಫಾಂಟುಗಳನ್ನೂ ಕಾಪಿ ಮಾಡಿಟ್ಟುಕೊಳ್ಳಿ. ತುಂಬಾ ಮುಖ್ಯವಾದ ಬರಹ ಪಿಡಿಎಫ್ ಆಗಿಯೂ ಇರಲಿ.

ಮದ್ದೂರಿನಿಂದ:
ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಆಗಿದೆಯಾ ನೋಡಿ ಅಕ್ಕ. ಟಿಪಿಎಂ ಆನ್ ಮಾಡೋಕೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಿ ಬಂದರೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತೆ, ಮೊದಲೇ ಹಾಳೆ ಮೇಲೆ ಬರೆದಿಟ್ಟುಕೊಳ್ಳಿ. ಕೀ ಇಲ್ಲದಿದ್ದರೆ ಫೈಲು ಡಿಸ್ಕಿನಲ್ಲೇ ಇದ್ದರೂ ಕೈಗೆ ಸಿಗಲ್ಲ. ಕರೆಂಟ್ ಹೋಗುವ ಹೊತ್ತು ಬೇಡ, ಚಾರ್ಜರ್ ಹಾಕಿಯೇ ಶುರು ಮಾಡಿ.

ಕುವೆಂಪುನಗರದವರು ಮತ್ತೆ:
ಹೊಸದು ಹಿಡಿಸದಿದ್ದರೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ 'ಗೋ ಬ್ಯಾಕ್' ಇದೆ. 10 ದಿನ ಮಾತ್ರ. ಅಲ್ಲಿಯವರೆಗೆ ಜಾಗ ಸಾಲದು ಅಂತ ಹಳೇ ವಿಂಡೋಸ್ ಇರುವ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಅಳಿಸಬೇಡಿ. ಆದರೆ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗಿದಿದೆ. ಮೇಷ್ಟ್ರು ಅದರಲ್ಲಿ ಬ್ಯಾಂಕ್ ಕೆಲಸ ಮಾಡುತ್ತಾರಾದರೆ ಇದನ್ನು ತಡ ಮಾಡಬೇಡಿ.