‘ಪಾರ್ಟ್‌ನರ್’ ಅಂದರೆ ಕೊಡುವವರಾ, ಪಡೆಯುವವರಾ?

ಗೆಳೆಯರೇ, ನಮಸ್ಕಾರ.

ಯುರೋಪ್ ಮತ್ತು ಆಫ್ರಿಕಾ ನಡುವಿನ ಒಪ್ಪಂದಗಳ ಬಗ್ಗೆ ಒಂದು ಉದ್ದನೆಯ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಪದದ ಹತ್ತಿರ ಮತ್ತೆ ಮತ್ತೆ ನಿಲ್ಲುತ್ತಿದ್ದೇನೆ: ಪಾರ್ಟ್‌ನರ್. ಕನ್ನಡದಲ್ಲಿ ಪದ ಇಲ್ಲ ಅಂತಲ್ಲ. ಪಾಲುದಾರ, ಪಾಲುಗಾರ, ಸಹಭಾಗಿ, ಜೊತೆಗಾರ, ಬೇಕಾದಷ್ಟಿವೆ. ತೊಡಕು ಇರುವುದು ಮೂಲದಲ್ಲೇ.

2005ರ ಪ್ಯಾರಿಸ್ ಘೋಷಣೆಯನ್ನೇ ನೋಡಿ. ನೆರವು ಹೇಗೆ ಕೊಟ್ಟರೆ ಫಲ ಸಿಗುತ್ತದೆ ಎಂದು ಎರಡೂ ಕಡೆಯ ದೇಶಗಳು ಕೂಡಿ ಒಪ್ಪಿದ ಪತ್ರ ಅದು. ಅದರಲ್ಲಿ ಒಂದು ಕಡೆ ‘ಡೋನರ್’, ಇನ್ನೊಂದು ಕಡೆ ‘ಪಾರ್ಟ್‌ನರ್ ಕಂಟ್ರಿ’. ಅಂದರೆ ಪಾರ್ಟ್‌ನರ್ ಎಂದರೆ ಹಣ ಪಡೆಯುವ ದೇಶ. ಸರಿ ಎಂದು ಗುರುತು ಹಾಕಿಕೊಂಡೆ. ಮುಂದೆ ಟಾಂಜಾನಿಯಾದ ಮಾತು ಬಂತು. ಅಲ್ಲಿ ‘ಡೆವಲಪ್‌ಮೆಂಟ್ ಪಾರ್ಟ್‌ನರ್ಸ್ ಗ್ರೂಪ್’ ಎಂಬ ಕೂಟ ಇದೆ. ಅದರಲ್ಲಿ ಇರುವವರು ಹಣ ಕೊಡುವ ದೇಶಗಳು ಮತ್ತು ಸಂಸ್ಥೆಗಳು! ಒಂದು ಕಾಗದದಲ್ಲಿ ಪಡೆಯುವವರ ಹೆಸರು, ಇನ್ನೊಂದರಲ್ಲಿ ಕೊಡುವವರದು.

ಇದನ್ನು ಸುಮ್ನೆ ಪದಕ್ಕೆ ಪದ ಇಟ್ಟರೆ ಏನಾಗುತ್ತದೆ ಎಂದು ನೋಡಲು ನಾನೇ ಒಂದು ವಾಕ್ಯ ಕಟ್ಟಿದೆ: “ಪಾಲುದಾರ ದೇಶದ ಯೋಜನೆಗೆ ಅಭಿವೃದ್ಧಿ ಪಾಲುದಾರರು ಒಪ್ಪಿಗೆ ಕೊಟ್ಟರು.” ಯಾರು ಯಾರಿಗೆ ಒಪ್ಪಿಗೆ ಕೊಟ್ಟರು? ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತು? ನನಗೆ ಗೊತ್ತಿದ್ದರಿಂದ ಅರ್ಥವಾಯಿತು. ಓದುವವರಿಗೆ ಆಗಲಿಕ್ಕಿಲ್ಲ.

ಇನ್ನೊಂದು ವಿಚಾರ. ನಮ್ಮ ‘ಪಾಲುದಾರ’ ಹಗುರ ಪದ ಅಲ್ಲ. ಅದರೊಳಗೆ ಪಾಲು ಇದೆ. ಲಾಭ ಬಂದರೆ ಲಾಭದಲ್ಲಿ ಪಾಲು, ನಷ್ಟ ಬಂದರೆ ನಷ್ಟದಲ್ಲೂ ಪಾಲು. ಲೆಕ್ಕದ ಪುಸ್ತಕ ತೆರೆದು ನೋಡುವ ಹಕ್ಕು ಇಬ್ಬರಿಗೂ ಇರುತ್ತದೆ. ಒಬ್ಬ ಕೊಟ್ಟು, ಷರತ್ತು ಹಾಕಿ, ವರದಿ ಕೇಳಿದರೆ ಅವನನ್ನು ನಾವು ಪಾಲುದಾರ ಅನ್ನುವುದಿಲ್ಲ. ಹಾಗಾಗಿ ಎಲ್ಲ ಕಡೆ ‘ಪಾಲುದಾರಿಕೆ’ ಎಂದು ಬರೆದರೆ ಮೂಲ ಹೇಳದ್ದನ್ನೂ ನಾನು ಹೇಳಿದಂತಾಗುತ್ತದೆ, ಅಲ್ವಾ?

ಹಾಗಂತ ಪದವನ್ನು ಬಿಟ್ಟುಬಿಡಲೂ ಆಗುವುದಿಲ್ಲ, ಯಾಕೆಂದರೆ ಈ ಎರಡು ಖಂಡಗಳ ಕಥೆಯೇ ಹೆಸರು ಬದಲಾಗುತ್ತಾ ಬಂದ ಕಥೆ. ಯುರೋಪಿನ ಆರ್ಥಿಕ ಸಮುದಾಯವನ್ನು ಕಟ್ಟಿದ 1957ರ ರೋಮ್ ಒಪ್ಪಂದದಲ್ಲಿ ‘ಅಸೋಸಿಯೇಶನ್’ ಎಂದಿತ್ತು. ಆಗ ಆಫ್ರಿಕಾದ ಹೆಚ್ಚಿನ ನಾಡುಗಳು ಇನ್ನೂ ವಸಾಹತುಗಳು. ಸಹಿ ಹಾಕಿದ್ದು ಯುರೋಪಿನ 6 ದೇಶಗಳು ಮಾತ್ರ. ಅದಕ್ಕೆ ನಾನು ‘ಸೇರಿಸಿಕೊಂಡ ನಾಡುಗಳು’ ಎಂದು ಬರೆದಿದ್ದೇನೆ. 1963ರಲ್ಲಿ ಕ್ಯಾಮರೂನಿನ ಯೌಂಡೆಯಲ್ಲಿ, ಸ್ವತಂತ್ರವಾದ ಆಫ್ರಿಕಾದ 18 ದೇಶಗಳು ಹೊಸ ಒಪ್ಪಂದಕ್ಕೆ ತಾವೇ ಸಹಿ ಹಾಕಿದವು. ಮೂಲದಲ್ಲಿ ಪದ ಅದೇ ಉಳಿಯಿತು. ಆದರೆ ಕನ್ನಡದಲ್ಲಿ ‘ಸೇರಿದ ದೇಶಗಳು’ ಎಂದು ಬದಲಿಸಿದೆ. ‘ಸೇರಿಸಿಕೊಂಡ’ ಮತ್ತು ‘ಸೇರಿದ’ ನಡುವಿನ ಅಂತರ ನಮ್ಮ ಭಾಷೆಯಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ. ಇದು ಅನುವಾದಕರು ತೆಗೆದುಕೊಳ್ಳಬಹುದಾದ ಸಲುಗೆಯೋ ಅಲ್ಲವೋ, ಹೇಳಿ.

1975ರಲ್ಲಿ ಟೋಗೊದ ಲೋಮೆಯಲ್ಲಿ ಆದ ಒಪ್ಪಂದದಲ್ಲಿ ಆಫ್ರಿಕಾ, ಕೆರಿಬಿಯನ್, ಪೆಸಿಫಿಕ್‌ನ 46 ದೇಶಗಳು ಒಂದು ಕಡೆ, ಯುರೋಪಿನ 9 ದೇಶಗಳು ಇನ್ನೊಂದು ಕಡೆ. ಆ 46 ದೇಶಗಳ ಹೆಚ್ಚಿನ ಸರಕು ಸುಂಕವಿಲ್ಲದೆ ಯುರೋಪಿಗೆ ಹೋಗಬಹುದಿತ್ತು. ಬದಲಿಗೆ ಅವು ಅಷ್ಟೇ ಸುಂಕ ಬಿಡಬೇಕೆಂಬ ಕಟ್ಟು ಇರಲಿಲ್ಲ. 2000ದಲ್ಲಿ ಬೆನಿನ್‌ನ ಕೊಟೊನುವಿನಲ್ಲಿ ಸಹಿಯಾದ ಒಪ್ಪಂದದ ಹೆಸರಿನಲ್ಲೇ ‘ಪಾರ್ಟ್‌ನರ್‌ಶಿಪ್’ ಬಂತು. ಅದರ ಬೆನ್ನಿಗೆ ಬಂದ ವ್ಯಾಪಾರ ಒಪ್ಪಂದಗಳಲ್ಲಿ, ಅವುಗಳಿಗೆ ಸೇರಿದ ಆಫ್ರಿಕಾದ ದೇಶಗಳೂ ಯುರೋಪಿನ ಹೆಚ್ಚಿನ ಸರಕಿಗೆ ಹಂತ ಹಂತವಾಗಿ ಸುಂಕ ಇಳಿಸಬೇಕಾಯಿತು. ಇಲ್ಲಿ ಎರಡೂ ಕಡೆಗೆ ಹೊಣೆ ಇದೆ. ಆದ್ದರಿಂದ ಇಲ್ಲಿ ‘ಪಾಲುದಾರಿಕೆ’ಯೇ ಸರಿ ಎಂದು ನನ್ನ ತೀರ್ಮಾನ. ಆ ಹೊಣೆ ಎರಡು ಕಡೆಯವರಿಗೂ ಹೊರಲು ಒಂದೇ ತೂಕವಾ ಎನ್ನುವುದು ಬೇರೆ ಚರ್ಚೆ.

2021ರಲ್ಲಿ ಯುರೋಪ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ನಿನ ಇಲಾಖೆಯೊಂದರ ಹೆಸರು ‘ಅಂತರರಾಷ್ಟ್ರೀಯ ಸಹಕಾರ ಮತ್ತು ಅಭಿವೃದ್ಧಿ’ ಎಂದಿದ್ದದ್ದು ‘ಅಂತರರಾಷ್ಟ್ರೀಯ ಪಾಲುದಾರಿಕೆ’ ಎಂದಾಯಿತು. ಎರಡಕ್ಕೂ ‘ಸಹಕಾರ’ ಎಂದೇ ಬರೆದರೆ ಈ ಬದಲಾವಣೆ ಕನ್ನಡದಲ್ಲಿ ಕಾಣುವುದೇ ಇಲ್ಲ.

‘ಡೋನರ್’ಗೆ ‘ದಾನಿ’ ಎನ್ನಲು ನನಗೆ ಮನಸ್ಸು ಒಪ್ಪುತ್ತಿಲ್ಲ. ದಾನ ಅಂದರೆ ಮರಳಿ ಕೇಳದ್ದು. 2022ರ ಫೆಬ್ರವರಿಯಲ್ಲಿ ಬ್ರಸೆಲ್ಸ್‌ನಲ್ಲಿ ನಡೆದ ಯುರೋಪ್–ಆಫ್ರಿಕಾ ಶೃಂಗಸಭೆಯಲ್ಲಿ ಆಫ್ರಿಕಾಕ್ಕೆಂದು 150 ಬಿಲಿಯನ್ ಯುರೋಗಳ ಹೂಡಿಕೆ ಯೋಜನೆ ಘೋಷಣೆಯಾಯಿತು. ಅದರಲ್ಲಿ ಅನುದಾನ ಇದೆ, ಸಾಲ ಇದೆ, ಖಾಸಗಿ ಹಣ ಬರಲಿ ಎಂದು ನಿಲ್ಲುವ ಜಾಮೀನೂ ಇದೆ. ಎಲ್ಲ ಸೇರಿಸಿ ‘ದಾನ’ ಎಂದರೆ ತಪ್ಪು, ‘ನೆರವು’ ಎಂದರೂ ಜಾಸ್ತಿಯಾಯಿತು. ಅಂಗೋಲಾದ ಲೊಬಿಟೊ ಬಂದರಿನಿಂದ ಕಾಂಗೋದ ತಾಮ್ರ, ಕೋಬಾಲ್ಟ್ ಗಣಿಗಳ ಕಡೆಗೆ ಹೋಗುವ ರೈಲು ಹಾದಿಗೆ ಯುರೋಪ್ ಕೈ ಜೋಡಿಸಿದೆ. ಅಂಗೋಲಾಕ್ಕೆ ಹಳಿ ಬೇಕು, ಯುರೋಪಿಗೆ ಆ ಲೋಹ ಬೇಕು. ಇದು ಕೊಡುಕೊಳ್ಳುವಿಕೆ. ಹಾಗೆಂದೇ ಬರೆಯೋಣ ಅನಿಸುತ್ತದೆ. ‘ನೆರವು’ ಪದವನ್ನು ಅದು ನಿಜವಾಗಿ ಬೇಕಾದ ಕಡೆಗೆ ಉಳಿಸಿಕೊಳ್ಳೋಣ. ಘಾನಾದ ಅಧ್ಯಕ್ಷರಾಗಿದ್ದ ನಾನಾ ಅಕುಫೊ-ಆಡೊ ಅವರ ‘ಘಾನಾ ಬಿಯಾಂಡ್ ಏಡ್’ ಎಂಬ ಘೋಷವಾಕ್ಯ ಇದೆಯಲ್ಲ, ಅದು ‘ನೆರವಿನಾಚೆಯ ಘಾನಾ’ ಎಂದೇ ಬರಬೇಕು.

ಹುಡುಕುತ್ತಾ ಹೋದಾಗ ಸಿಕ್ಕ ಒಂದು ಪದ ನನಗೆ ತುಂಬಾ ಹಿಡಿಸಿತು. ಆಫ್ರಿಕಾ ಒಕ್ಕೂಟದ ಕೆಲಸದ ಭಾಷೆಗಳಲ್ಲಿ ಒಂದಾದ ಸ್ವಾಹಿಲಿಯಲ್ಲಿ ಸಹಕಾರಕ್ಕೆ ‘ಉಶಿರಿಕಿಯಾನೊ’ ಎನ್ನುತ್ತಾರೆ. ‘ಶಿರಿಕಿ’ ಎಂದರೆ ಪಾಲ್ಗೊಳ್ಳು. ನಡುವೆ ಬರುವ ‘ಆನ್’ ಎಂಬ ತುಣುಕು ‘ಒಬ್ಬರಿಗೊಬ್ಬರು’ ಎಂಬ ಅರ್ಥ ಕೊಡುತ್ತದೆ. ಒಬ್ಬನೇ ಮಾಡಲಾಗದ ಕೆಲಸ ಎಂದು ಪದದೊಳಗೇ ಬರೆದಿಟ್ಟ ಹಾಗೆ! ನಮ್ಮಲ್ಲಿ ಇದಕ್ಕೆ ಹತ್ತಿರ ಬರುವುದು ‘ಕೊಳ್ಳು’. ‘ಹಂಚು’ ಎಂದರೆ ಒಬ್ಬ ನಿಂತು ಕೊಡುತ್ತಾನೆ. ‘ಹಂಚಿಕೊಳ್ಳು’ ಎಂದಾಗ ಎಲ್ಲರೂ ಕೂತಿರುತ್ತಾರೆ. ಈ ಜೋಡಿಯಿಂದ ಒಂದು ನಾಮಪದ ಕಟ್ಟಬಹುದೇ? ‘ಹಂಚಿಕೆ’ ಆಗುವುದಿಲ್ಲ, ಅದರಲ್ಲಿ ‘ಕೊಳ್ಳು’ ಬಿದ್ದುಹೋಗುತ್ತದೆ. ‘ಹಂಚಿಕೊಳ್ಳುವಿಕೆ’ ಉದ್ದವಾಯಿತು.

ಜೊತೆಗೆ ಒಂದು ಸಣ್ಣ ಎಚ್ಚರಿಕೆ. ‘ನೆರೆ ಖಂಡಕ್ಕೆ ನೆರವು’ ಎಂದು ತಲೆಬರಹ ಕೊಟ್ಟಿದ್ದೆ. ಮೊದಲು ಓದಿದ ಗೆಳತಿ ಪ್ರವಾಹ ಪರಿಹಾರದ ಸುದ್ದಿ ಎಂದುಕೊಂಡರು. ‘ನೆರೆಯ ಖಂಡ’ ಎಂದು ತಿದ್ದಿದ ಮೇಲೆ ಸರಿಹೋಯಿತು.

ಈಗ ನಾನು ಮಾಡಿಕೊಂಡಿರುವುದು ಹೀಗೆ: ಒಪ್ಪಂದದ ಅಥವಾ ಇಲಾಖೆಯ ಹೆಸರಾಗಿದ್ದರೆ ‘ಪಾಲುದಾರಿಕೆ’. ಹಣ ಯಾರಿಂದ ಯಾರಿಗೆ ಎಂಬುದು ಮುಖ್ಯವಾದ ಕಡೆ ‘ಹಣ ಕೊಡುವ ದೇಶ’, ‘ಹಣ ಪಡೆಯುವ ದೇಶ’. ಆದರೆ ಒಂದು ಅಳುಕು ಇದೆ. ‘ಪಡೆಯುವ ದೇಶ’ ಎಂಬ ಮಾತನ್ನು ಬೇಡ ಎಂದೇ ಆ ದೇಶಗಳಿಗೆ ‘ಪಾರ್ಟ್‌ನರ್’ ಎಂದರು. ನಾನು ಮತ್ತೆ ಅದನ್ನೇ ಎಳೆದು ತರುತ್ತಿದ್ದೇನಾ? ಅರ್ಥವೂ ಕೆಡದೆ, ಮರ್ಯಾದೆಯೂ ಕೆಡದೆ ಇರುವ ಪದ ನಿಮ್ಮ ಬಳಿ ಇದೆಯಾ? ‘ಸರೀಕ ದೇಶ’ ಎಂದು ಒಬ್ಬರು ಸೂಚಿಸಿದ್ದಾರೆ. ನನ್ನ ಕಿವಿಗೆ ಅದು ಚೆನ್ನಾಗಿದೆ. ನಿಮಗೆ ಹೇಗೆ ಕೇಳಿಸುತ್ತದೆ?