ಹತ್ತಿ ಬೆಳೆಯುವವರು ಯಾವ ಎನ್‌ಐಸಿ ಕೋಡ್ ಹಾಕಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ಸವದತ್ತಿ ತಾಲೂಕು

ನಮ್ಮದು ಎರೆ ಹೊಲ. ಅಣ್ಣತಮ್ಮಂದಿರು ಕೂಡಿ ಹತ್ತಿ ಬೆಳೆಯುತ್ತೇವೆ. ಲಾವಣಿಗೆ (ಗೇಣಿಗೆ) ಹಿಡಿದ ಹೊಲವೂ ಒಂದಿಷ್ಟು ಇದೆ. ಈ ಸಲ ಊರವರ ಹತ್ತಿಯನ್ನೂ ಕೊಂಡು ಮಾರಬೇಕು, ಮುಂದೆ ಸಣ್ಣದೊಂದು ಜಿನ್ನು (ಹತ್ತಿಯಿಂದ ಕಾಳು ಬಿಡಿಸುವ ಯಂತ್ರ) ಹಾಕಬೇಕು ಅಂತ ವಿಚಾರ. ಸಾಲ ಕೇಳಲು ಹೋದರೆ 'ಉದ್ಯಮದ ಎನ್‌ಐಸಿ ಕೋಡ್ ಬರೆಯಿರಿ' ಅಂದರು, ಅಂದರೆ ಯಾವ ಕೆಲಸ ಅಂತ ಗುರುತಿಸುವ ಸರ್ಕಾರಿ ಪಟ್ಟಿಯ ಸಂಖ್ಯೆಯಂತೆ. ನಮ್ಮದು ಕೃಷಿಯೋ, ವ್ಯಾಪಾರವೋ, ಕಾರ್ಖಾನೆಯೋ?

ಬೈಲಹೊಂಗಲದಿಂದ, ದಲಾಲಿ ಅಂಗಡಿಗಳ ಲೆಕ್ಕ ಬರೆಯುವವರು

ಅಣ್ಣಾರೆ, ನಿಮ್ಮವು ಮೂರು ಬೇರೆ ಬೇರೆ ಕೆಲಸ. ಮೂರಕ್ಕೂ ಒಂದೇ ಕೋಡ್ ಹುಡುಕಬೇಡಿ.

ಎನ್‌ಐಸಿ 2008ರ ಪಟ್ಟಿಯಲ್ಲಿ ಹತ್ತಿ ಬೆಳೆಯುವುದಕ್ಕೆ 01161. ಮೊದಲ 01 ಅಂದರೆ ಬೆಳೆ ಮತ್ತು ಪಶುಪಾಲನೆ, 011 ಅಂದರೆ ಬಹುವಾರ್ಷಿಕವಲ್ಲದ ಬೆಳೆ, 0116 ಅಂದರೆ ನಾರಿನ ಬೆಳೆಗಳು, ಕೊನೆಯ 1 ಹತ್ತಿಯದು. ಹೊಲ ಸ್ವಂತದ್ದಿರಲಿ, ಲಾವಣಿಯದ್ದಿರಲಿ, ಬೆಳೆಯುವವರು ನೀವೇ ಆದರೆ ಇದೇ ಕೋಡ್. ಎಕರೆ ಜಾಸ್ತಿ ಆಯಿತು, ದೊಡ್ಡ ಪ್ರಮಾಣದಲ್ಲಿ ಮಾರುತ್ತೀರಿ ಅಂತ ಕೋಡ್ ಬದಲಾಗುವುದಿಲ್ಲ.

ಊರವರ ಹತ್ತಿ ಕೊಂಡು ಸಗಟಾಗಿ ಮಾರಿದರೆ ಅದು 4620ರ ಕೆಳಗೆ ಬರುತ್ತದೆ, ಕೃಷಿ ಕಚ್ಚಾಮಾಲಿನ ಸಗಟು ವ್ಯಾಪಾರ.

ಬಹಳ ಜನ ಗೊಂದಲ ಮಾಡಿಕೊಳ್ಳುವುದು ಜಿನ್ನಿನಲ್ಲಿ. ಯಂತ್ರ ಇದೆ, ಶೆಡ್ ಇದೆ, ಕರೆಂಟು ಬೇಕು, ಹಾಗಾಗಿ ನೂಲಿನ ಗಿರಣಿಯ ಕೋಡ್ ಹಾಕಿಬಿಡುತ್ತಾರೆ. ಆದರೆ ಹತ್ತಿಯಿಂದ ಕಾಳು ಬಿಡಿಸಿ ಬೇಲ್ ಕಟ್ಟುವುದು 01632. ಕೊಯ್ಲಿನ ನಂತರದ ಕೆಲಸ ಅಂತ ಅದನ್ನೂ 01ರ ಗುಂಪಿನಲ್ಲೇ ಇಟ್ಟಿದ್ದಾರೆ. ನೂಲು ತೆಗೆಯಲು ಶುರು ಮಾಡಿದರೆ ಮಾತ್ರ 13ರ ಗುಂಪು, ಅಂದರೆ ಜವಳಿ. ಗೋಕಾಕ ಫಾಲ್ಸಿನ ಹಳೇ ನೂಲಿನ ಗಿರಣಿಯಂಥದ್ದು ಆ ಗುಂಪಿಗೆ ಸೇರುತ್ತದೆ.

ಆದರೆ ಒಂದು ಮಾತು ನೆನಪಿರಲಿ. ಜಿನ್ನಿನ ಕೋಡ್ 01ರಲ್ಲಿದೆ ಅಂತ ಅದರ ಲಾಭ ಕೃಷಿ ಆದಾಯ ಆಗುವುದಿಲ್ಲ. ಎನ್‌ಐಸಿ ಇರುವುದು ಅಂಕಿ ಅಂಶಕ್ಕೆ. ಆದಾಯ ತೆರಿಗೆಗೆ ಬೇರೆ ಕಾನೂನು. ನಿಮ್ಮದೇ ಹತ್ತಿಯನ್ನು ನಿಮ್ಮದೇ ಜಿನ್ನಿಗೆ ಹಾಕಿ ಅರಳೆ ಮಾರಿದರೆ, ಹತ್ತಿಯ ಪೇಟೆ ಬೆಲೆಯಷ್ಟು ಕೃಷಿ ಆದಾಯದ ಕಡೆಗೆ ಹೋಗುತ್ತದೆ. ಅದರ ಮೇಲೆ ಜಿನ್ನಿನ ಖರ್ಚು ಕಳೆದು ಉಳಿದದ್ದು ವ್ಯಾಪಾರದ ಆದಾಯ. ಅದಕ್ಕೇ ಹತ್ತಿ ಹೊಲದಿಂದ ಜಿನ್ನಿಗೆ ಹೋದ ದಿನದ ಪೇಟೆ ದರ ಬರೆದಿಡಿ, ಎಪಿಎಂಸಿ ದರದ ಚೀಟಿ ಸಿಕ್ಕರೆ ಜೋಡಿಸಿಡಿ.

ಬಾಗಲಕೋಟೆ ಕಡೆಯ ರೈತ

ಬರೀ ಬೆಳೆ ಸಾಲಕ್ಕಾದರೆ ಇಷ್ಟೆಲ್ಲ ಬೇಡ. ನನಗೆ ಕಿಸಾನ್ ಕಾರ್ಡ್ ಕೊಡುವಾಗ ಉತಾರ (ಪಹಣಿ), ಆಧಾರ್, ರೈತರ ನೋಂದಣಿಯ ಫ್ರೂಟ್ಸ್ ಐಡಿ ಕೇಳಿದರು, ಕೋಡ್ ಕೇಳಲಿಲ್ಲ. ನೀವು ವ್ಯಾಪಾರ, ಜಿನ್ನು ಅಂದಿರಿ, ಅದಕ್ಕೇ ಕೇಳಿದ್ದಾರೆ. ಎರಡೂ ಸಾಲದ ಅರ್ಜಿ ಬೇರೆ ಇಡಿ. ಬೆಳೆ ಸಾಲದ ದುಡ್ಡು ಖರೀದಿಗೆ ಹಾಕಬೇಡಿ. ನಮ್ಮ ಪಕ್ಕದ ಊರಲ್ಲಿ ಹಾಗೆ ಮಾಡಿ ದರ ಬಿದ್ದಾಗ ಎರಡೂ ಕಡೆ ಸಿಕ್ಕಿಬಿದ್ದರು, ನೋಡಿ ಹೊಟ್ಟೆ ಉರಿಯಿತು.

ವಿಜಯಪುರದಿಂದ, ರೈತ ಉತ್ಪಾದಕ ಕಂಪನಿಯ ನಿರ್ದೇಶಕಿ

ಮುಂದೆ ಹತ್ತು ಜನ ರೈತರು ಸೇರಿ ಉತ್ಪಾದಕ ಕಂಪನಿ ಮಾಡುವ ಯೋಚನೆ ಇದ್ದರೆ ಈಗಲೇ ವಿಚಾರ ಮಾಡಿ. ಕಂಪನಿಯ 21 ಅಕ್ಷರದ ಗುರುತಿನ ಸಂಖ್ಯೆಯಲ್ಲಿ ಮೊದಲ ಅಕ್ಷರದ ನಂತರದ ಐದು ಅಂಕಿ ಉದ್ಯಮದ ಕೋಡೇ. ಕಂಪನಿಯ ಕಾಗದಗಳ ಮೇಲೆ ಅದು ಕಾಣುತ್ತದೆ. ನೋಂದಣಿ ಮಾಡಿಸುವವರು ಸುಮ್ನೆ ಏನೋ ಒಂದು ಹಾಕದಂತೆ ಎದುರಿಗೆ ಕೂತು ನೋಡಿ.

ಜಿಎಸ್‌ಟಿ ವಿಷಯವನ್ನು ಯಾರೂ ಹೇಳಲಿಲ್ಲ. ಸ್ವಂತ ದುಡಿಮೆಯಿಂದಲೋ, ಮನೆಯವರಿಂದಲೋ, ನಿಮ್ಮ ನಿಗಾದಲ್ಲಿ ಆಳು ಹಚ್ಚಿಯೋ ಬೆಳೆದದ್ದನ್ನು ಮಾರಿದರೆ ನೀವು ಕೃಷಿಕರು, ನೋಂದಣಿ ಬೇಡ. ಕೊಂಡು ಮಾರುವ ಹತ್ತಿಗೆ ಆ ವಿನಾಯಿತಿ ಇಲ್ಲ. ನೋಂದಣಿ ಇದ್ದವರು ರೈತರಿಂದ ಹತ್ತಿ ಕೊಂಡರೆ 5% ತೆರಿಗೆ ಕಟ್ಟುವ ಹೊಣೆ ಕೊಂಡವರದ್ದು. 2017ರ ನವೆಂಬರ್ 15ರಿಂದ ಈ ನಿಯಮ ಇದೆ. ಕಟ್ಟಿದ್ದನ್ನು ಮುಂದಿನ ಮಾರಾಟದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಮೊದಲು ಕೈಯಿಂದ ಕಟ್ಟಬೇಕಲ್ವಾ? ಸುಗ್ಗಿಯಲ್ಲಿ ಆ ರೊಕ್ಕ ಹೊಂದಿಸುವುದೇ ನಮಗೆ ಕಷ್ಟ ಆಯಿತು. ಸಾಲ ಕೇಳುವಾಗ ಅದನ್ನೂ ಸೇರಿಸಿ ಕೇಳಿ.

ಕೇಳಿದವರು

ಎಲ್ಲರಿಗೂ ಶರಣು. ಬೆಳೆಗೆ 01161 ಬರೆದು ಅಣ್ಣನ ಹೆಸರಲ್ಲಿ, ಖರೀದಿಗೆ ಬೇರೆ ಅರ್ಜಿ ನನ್ನ ಹೆಸರಲ್ಲಿ ಕೊಡುತ್ತೇವೆ. ಜಿನ್ನು ಈ ಸಲ ಬಿಟ್ಟೆವು. ಅಕ್ಕಾರೆ, ಖರೀದಿಗೆ ಎಪಿಎಂಸಿ ಲೈಸೆನ್ಸ್ ಮೊದಲು ಮಾಡಿಸಬೇಕೋ, ಜಿಎಸ್‌ಟಿ ಮೊದಲೋ?